ಓಟಗಾರನ ಬಾಯಾರಿಕೆ

1904ನೆಯ ಇಸವಿಯ ಆಗಸ್ಟ್ 30ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟವು ನಡೆಯಿತು. ನೆತ್ತಿ ಸುಡುವ ಬಿಸಿಲು, ವಾಹನಗಳೆಬ್ಬಿಸಿದ ಧೂಳು. ಸುಮಾರು 40 ಕಿಲೋಮೀಟರುಗಳ ಹಾದಿಯಲ್ಲಿ ನೀರು ದೊರೆಯುತ್ತಿದ್ದುದು ಒಂದೆರಡು ಕಡೆ ಮಾತ್ರ. ಓಡುವಾಗ ನೀರು ಕುಡಿದರೆ ಕೆಡುಕೆಂದು ಅಂದು ಅನೇಕರು ನಂಬಿದ್ದರು. ಬಳಲಿದ ಥಾಮಸ್ ಹಿಕ್ಸನು ನೀರು ಬೇಡಿದಾಗ ಜೊತೆಯವರು ಅವನ ಬಾಯನ್ನು ಒದ್ದೆಮಾಡಿದರೇ ಹೊರತು ಕುಡಿಯಗೊಡಲಿಲ್ಲ. ಅದಕ್ಕೆ ಬದಲಾಗಿ, ಉತ್ತೇಜಕವೆಂದು, ಮೊಟ್ಟೆಯ ಬಿಳಿಯೊಡನೆ ಸ್ಟ್ರಿಕ್ನೀನ್ ಎಂಬ ವಿಷವನ್ನು ಕೊಟ್ಟರು! ಅವನೇ ಗೆದ್ದನೆಂಬುದು ಸೋಜಿಗ. ಹೊರಟ 32 ಮಂದಿಯಲ್ಲಿ ಗುರಿ ಮುಟ್ಟಿದವರು 14 ಜನ.

ಹಾಗಾದರೆ ಓಟಗಾರನು ನೀರನ್ನು ಹೊತ್ತುಕೊಂಡೇ ಓಡಬೇಕೆ? ದುಡಿಯುವ ಸ್ನಾಯುಗಳು ಶಾಖವನ್ನು ಹುಟ್ಟಿಸುತ್ತವೆ. ಬೆವರು ಆರುವಾಗ ಮೈ ತಂಪಾಗುತ್ತದೆ. ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು, ಸೆಕೆಯಲ್ಲಿ ಇನ್ನೂ ಹೆಚ್ಚು, ಬೆವರು ಹರಿಯಬಹುದು. ಮೊದಲೇ ನೀರು ಕುಡಿದು ಹೊರಟವನ ದೇಹವು ಅರ್ಧ ಮುಕ್ಕಾಲು ಗಂಟೆಯ ಓಟದ ನಷ್ಟವನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಅವನಿಗೆ ಸೀಸೆಯು ಬರಿಯ ಹೊರೆ. ಓಟವು ಗಂಟೆಯನ್ನು ಮೀರಿದಾಗ, ಅದರಲ್ಲಿಯೂ ಬಿಸಿಲಿನಲ್ಲಿ, ಮಾತು ಬೇರೆ. ಹಾದಿಯಲ್ಲಿ ನೀರು ಸಿಗದಿದ್ದರೆ ಒಯ್ಯಲೇಬೇಕು. ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಬೇಕು. ಬಹುದೂರದ ಓಟಕ್ಕೆ ಸಕ್ಕರೆ, ಉಪ್ಪು ಬೆರೆತ ಪಾನೀಯವು ಮೇಲು.

ಅತಿಯಾಗಿ ಕುಡಿಯುವುದು ಮಾತ್ರ ಇನ್ನೊಂದು ಬಗೆಯ ಅಪಾಯ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷೆಗೊಳಗಾದ 488 ಓಟಗಾರರ ಪೈಕಿ ನೂರಕ್ಕೆ 13 ಮಂದಿಯ ರಕ್ತದಲ್ಲಿ ಸೋಡಿಯಂ ಪ್ರಮಾಣವು ತಗ್ಗಿಹೋಗಿತ್ತು. ಓಡುತ್ತ ಓಡುತ್ತ ತೂಕ ಇಳಿಯುವ ಬದಲು ಏರಿದವರಲ್ಲಿಯೇ ಈ ತೊಂದರೆ ಅಧಿಕ. ಸೋಡಿಯಂ ತೀರ ತಗ್ಗಿದರೆ ಮೆದುಳು ಊದಿಕೊಳ್ಳುತ್ತದೆ. ಅದೇ ಓಟದಲ್ಲಿ ತರುಣಿಯೊಬ್ಬಳು ಹೀಗೆಯೇ ಪ್ರಾಣ ಬಿಟ್ಟಳು.