ತುಂಟ ನಾಯಿಮರಿ ಮನೆಗೆ ಬಂದಾಗ



'ನಾಯಿ ಬಾಲ ಡೊಂಕು' ಎಂಬ ಗಾದೆ ನಮಗೆಲ್ಲ ಗೊತ್ತು. ಸಾಕಿದ ನಾಯಿ ಚಪ್ಪಲಿ ಕಡಿದರೆ, ಕೋಳಿ ಅಟ್ಟಿಸಿದರೆ ದೊಡ್ಡವರು ಈ ಗಾದೆ ಹೇಳಿ ಕೋಲು ಹಿಡೀತಾರೆ. ಆದರೆ ತುಂಟತನಕ್ಕೂ ಕಾರಣ ಇರುತ್ತದೆ. ಅದನ್ನು ಇವತ್ತು ತಿಳಿಯೋಣ.

ಎಲ್ಲಿಂದ ಬಂತು?

ಪೇಟೆಯಲ್ಲಿ ಅನಾಥ ಪ್ರಾಣಿಗಳ ಆಶ್ರಯ ಕೇಂದ್ರಗಳಿವೆ. ಬೇಕಾದವರು ಅಲ್ಲಿಂದ ನಾಯಿ ತಂದು ಸಾಕುತ್ತಾರೆ. ನಮ್ಮ ಹಳ್ಳಿಯಲ್ಲಿ ಬೀದಿಯ ಮರಿಯನ್ನೇ ಎತ್ತಿಕೊಂಡು ಬರುತ್ತೇವೆ. ಎರಡೂ ಹಸಿವು, ಪೆಟ್ಟು ಕಂಡಿರಬಹುದು. ಹತ್ತು ನಾಯಿಗಳ ನಡುವೆ ಗಬಗಬ ತಿನ್ನದಿದ್ದರೆ ಅನ್ನ ಸಿಗೋದಿಲ್ಲ. ಅದಕ್ಕೇ ತಟ್ಟೆಯ ಹತ್ತಿರ ಹೋದರೆ 'ಗುರ್' ಅನ್ನುತ್ತದೆ. ಅದು ಸೊಕ್ಕಲ್ಲ, ಭಯ. ತಿನ್ನುವಾಗ, ಮಲಗಿರುವಾಗ ಮುಟ್ಟಬೇಡಿ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಹಾಕಿ. ಮೆಲ್ಲಗೆ ನಂಬಿಕೆ ಬರುತ್ತದೆ.

ಚಪ್ಪಲಿ ಯಾಕೆ ಕಡಿಯುತ್ತೆ?

ನಮ್ಮ ಹಾಗೆ ನಾಯಿಗೂ ಹಾಲುಹಲ್ಲು ಬೀಳುತ್ತವೆ. ಹಾಲುಹಲ್ಲು 28, ದೊಡ್ಡ ಹಲ್ಲು 42. ಸುಮಾರು ನಾಲ್ಕನೇ ತಿಂಗಳಿಂದ ಏಳನೇ ತಿಂಗಳವರೆಗೆ ಹಲ್ಲು ಬದಲಾಗುತ್ತವೆ. ಆಗ ವಸಡು ನೋಯುತ್ತದೆ, ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಚಪ್ಪಲಿ ಮೇಲಿಡಿ. ದಪ್ಪ ಹಗ್ಗಕ್ಕೆ ಗಂಟು ಹಾಕಿ ಕೊಡಿ. ಕಡಿದು ಎಷ್ಟೋ ಹೊತ್ತಾದ ಮೇಲೆ ಹೊಡೆದರೆ ಯಾಕೆ ಹೊಡೆದರು ಅಂತ ಅದಕ್ಕೆ ತಿಳಿಯೋದಿಲ್ಲ. ಒಳ್ಳೆಯದು ಮಾಡಿದ ತಕ್ಷಣ ಒಂದು ಚೂರು ರೊಟ್ಟಿ ಕೊಟ್ಟರೆ ಬೇಗ ಕಲಿಯುತ್ತದೆ. ಬೇಯಿಸಿದ ಕೋಳಿಮೂಳೆ ಮಾತ್ರ ಕೊಡಬೇಡಿ. ಅದು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ಬೆಕ್ಕು, ಕೋಳಿಯ ಜೊತೆ

ನಾಯಿ ಬಾಲ ಅಲ್ಲಾಡಿಸಿದರೆ ಹೆಚ್ಚಾಗಿ ಖುಷಿ. ಬೆಕ್ಕು ಬಾಲ ಬೀಸಿದರೆ ಸಿಟ್ಟು! ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದೆ ಜಗಳ ಆಗುತ್ತದೆ.

1. ಮೊದಲ ಕೆಲವು ದಿನ ಬೇರೆ ಬೇರೆ ಇಡಿ. ನಾಯಿ ಮಲಗಿದ ಗೋಣಿಚೀಲವನ್ನು ಬೆಕ್ಕು ಮೂಸಲಿ, ಬೆಕ್ಕಿನದನ್ನು ನಾಯಿ ಮೂಸಲಿ.
2. ಆಮೇಲೆ ನಾಯಿಯನ್ನು ಹಗ್ಗದಲ್ಲಿ ಹಿಡಿದು ದೂರದಿಂದ ತೋರಿಸಿ.
3. ಬೆಕ್ಕಿಗೆ ಹತ್ತಿ ಕೂರಲು ಅಟ್ಟವೋ ಕಿಟಕಿಯೋ ಇರಲಿ.
4. ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ಕೋಳಿ ಬಿಡುವ ಹೊತ್ತಿಗೆ ನಾಯಿ ಕಟ್ಟಿರಲಿ.

ಮುಖ್ಯವಾದ ಮಾತು

ಆಟದಲ್ಲಿ ಮರಿಯ ಹಲ್ಲು ತಾಗಿ ಗೀರಿದರೆ ಕೆಲವರು ಮನೆಯಲ್ಲಿ ಹೇಳೋದಿಲ್ಲ. 'ಬೈತಾರೆ', 'ನಾಯೀನ ಬಿಟ್ಟು ಬರ್ತಾರೆ', 'ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಹಾಕ್ತಾರೆ' ಅಂತ ಹೆದರಿಕೆ. ಹೀಗೆ ಮುಚ್ಚಿಡುವುದೇ ಅಪಾಯ. ರೇಬೀಸ್ ಅಂದರೆ ಹುಚ್ಚುನಾಯಿ ರೋಗ. ಅದರ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಆದರೆ ಮೊದಲೇ ಲಸಿಕೆ ಹಾಕಿಸಿಕೊಂಡರೆ ರೋಗ ಬಾರದಂತೆ ತಡೆಯಬಹುದು. ಬೆಕ್ಕಿನಿಂದಲೂ ಇದು ಬರಬಹುದು.

ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿತು. ಈಗ ತೋಳಿಗೆ ನಾಲ್ಕೈದು ಸಲ ಹಾಕುತ್ತಾರೆ, ಅಷ್ಟೇ.

ಕಚ್ಚಿದರೆ, ಗೀರಿದರೆ ಹೀಗೆ ಮಾಡಿ:

• ತಕ್ಷಣ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ.
• ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬೇಡಿ.
• ಮನೆಯಲ್ಲಿ ಹೇಳಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹೇಳಿದ ದಿನಗಳಂದು ತಪ್ಪದೆ ಎಲ್ಲಾ ಲಸಿಕೆ ಹಾಕಿಸಿಕೊಳ್ಳಿ.

ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಬೇಕು. ಆಮೇಲೆ ಪ್ರತಿ ವರ್ಷ ಹಾಕಿಸಬೇಕು. ಬೆಕ್ಕಿಗೂ ಹಾಕಿಸಿ.

ನಿಮಗೆ ಗೊತ್ತೇ?

1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಅವರ ರೇಬೀಸ್ ಲಸಿಕೆಯನ್ನು ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಹಾಕಲಾಯಿತು. ಅವನಿಗೆ ಆಗ 9 ವರ್ಷ, ನಮ್ಮ ನಾಲ್ಕನೇ ಕ್ಲಾಸಿನವರಷ್ಟೇ. ಅವನು ಬದುಕಿದ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ.

ಉತ್ತರ ಹೇಳಿ

1. ನಾಯಿಗೆ ಹಾಲುಹಲ್ಲು ಎಷ್ಟು?
2. ಬೆಕ್ಕು ಬಾಲ ಬೀಸಿದರೆ ಏನರ್ಥ?
3. ಗಾಯವನ್ನು ಎಷ್ಟು ನಿಮಿಷ ತೊಳೆಯಬೇಕು?

ಮಾಡಿ ನೋಡಿ: ನಿಮ್ಮ ಮನೆಯ ನಾಯಿ, ಬೆಕ್ಕಿಗೆ ಲಸಿಕೆ ಹಾಕಿಸಿದ ತಾರೀಕು ಕೇಳಿ ಬರೆದಿಡಿ. ಹಾಕಿಸಿಲ್ಲ ಅಂದರೆ ಇವತ್ತೇ ಅಪ್ಪ ಅಮ್ಮನಿಗೆ ನೆನಪು ಮಾಡಿ.