ಸತು ಒಳಹೋಗುವ ಬಾಗಿಲು

ಮಹಾರಾಷ್ಟ್ರದ ಬಿಡಕಿನ್‌ನ ಔರಿಕ್ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದವರಲ್ಲಿ ನಮ್ಮ ಕಲಬುರಗಿ ಕಡೆಯವರೂ ಇದ್ದಾರೆ. ಕನ್ನಡ ಬಲ್ಲ ಡಾಕ್ಟರ್ ಎಂದು ನನ್ನ ದವಾಖಾನೆ ಹುಡುಕಿಕೊಂಡು ಬರುತ್ತಾರೆ. ಭೇದಿ ಹತ್ತಿದ ಮಕ್ಕಳಿಗೆ ಓಆರ್‌ಎಸ್ ಜೊತೆ ಜಿಂಕ್ (ಸತು) ಮಾತ್ರೆ ಬರೆಯುವುದು ನಿತ್ಯದ ಕೆಲಸ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತ ದಿನವೇ ಮಾತ್ರೆ ನಿಲ್ಲಿಸುವವರು ಬಹಳ. ಪೂರ್ತಿ ಕೊಡಲೇಬೇಕೆಂದು ನಾನು ಹಟ ಹಿಡಿಯತೊಡಗಿದ್ದು ಅಫಜಲಪುರ ಕಡೆಯ ಒಂದು ಕೂಸನ್ನು ನೋಡಿದ ಮೇಲೆ.

ಬಾಯಿಯ ಸುತ್ತ, ಕುಂಡಿಯ ಮೇಲೆ, ಬೆರಳ ಸಂದಿಗಳಲ್ಲಿ ಕೆಂಪಗೆ ಸುಲಿದ ಚರ್ಮ. ನೆತ್ತಿಯ ಕೂದಲು ಉದುರಿತ್ತು. ಭೇದಿ, ಕೆಮ್ಮು, ಕೀವು ಒಂದರ ಹಿಂದೊಂದು. "ಮೊಲಿ ಬಿಡಿಸಿದ ಮ್ಯಾಲೆ ಹಿಂಗಾತ್ರಿ ಡಾಕ್ಟರ, ಅಲ್ಲಿತನಾ ಕೂಸು ಚಲೋ ಇತ್ತು" ಎಂದಳು ತಾಯಿ. ಅವಳ ಮದುವೆ ಸೋದರಮಾವನ ಜೊತೆಗೇ ಆಗಿತ್ತು. ಆ ಎರಡು ಮಾತಿನಲ್ಲೇ ರೋಗದ ಸುಳಿವಿತ್ತು.

ಅದು ಅಕ್ರೋಡರ್ಮಟೈಟಿಸ್ ಎಂಟೆರೋಪಥಿಕಾ. ಕರುಳಿನಲ್ಲಿ ಸತುವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ಜಿಪ್4 ಎಂಬ ಪ್ರೋಟೀನು. ತಂದೆತಾಯಿ ಇಬ್ಬರಿಂದಲೂ ಅದರ ಕೆಟ್ಟ ಜೀನ್ ಬಂದಾಗ ಈ ರೋಗ ಬರುತ್ತದೆ ಎಂದು ಗೊತ್ತಾಗಿದ್ದು 2002ರಲ್ಲಿ. ತಾಯಿಯ ಹಾಲಿನ ಸತುವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದರಿಂದ ಮೊಲೆಯುಣ್ಣುವವರೆಗೆ ಕಾಯಿಲೆ ಮರೆಯಲ್ಲಿರುತ್ತದೆ. ತೂಕಕ್ಕೆ ತಕ್ಕಂತೆ ದೊಡ್ಡ ಪ್ರಮಾಣದಲ್ಲಿ ಜಿಂಕ್ ಕೊಟ್ಟೆವು. ಹಗಲೂ ರಾತ್ರಿ ರಚ್ಚೆ ಹಿಡಿಯುತ್ತಿದ್ದ ಕೂಸು ಕೆಲವೇ ದಿನಗಳಲ್ಲಿ ನಗತೊಡಗಿತು, ಆಮೇಲೆ ಚರ್ಮ ಮಾಗಿತು. ಅದರ ಕೆಮ್ಮು, ಕೀವು ಬೇರೆ ರೋಗಗಳಾಗಿರಲಿಲ್ಲ, ಸತುವಿನ ಕೊರತೆಯದೇ ಫಲ. ರೋಗಾಣು ಕಂಡ ರೋಗನಿರೋಧಕ ಟಿ ಕೋಶ ಕೆರಳಬೇಕಾದರೆ ಜಿಪ್4ರ ಬಳಗದ ಜಿಪ್6 ಹೊರಗಿನಿಂದ ಸತುವನ್ನು ಒಳತರಬೇಕು, ಜಿಪ್8 ಕೋಶದೊಳಗಿನ ಸಂಗ್ರಹದಿಂದ ಬಿಡಿಸಬೇಕು. ಆಗಲೇ ಒಳಗಿನ ಸಂಕೇತ ಬಲವಾಗಿ, ಸೋಂಕಿನ ವಿರುದ್ಧ ಹೋರಾಡಿಸುವ ಇಂಟರ್‌ಫೆರಾನ್ ಗಾಮಾ ಹೊರಡುವುದು. ಸತು ತೀರಾ ಕಡಿಮೆಯಾದರೆ ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯೇ ಕುಗ್ಗುತ್ತದೆ.

ಹಾಗೆಂದು ಜ್ವರದ ಮಗುವಿನ ಜಿಂಕ್ ರಿಪೋರ್ಟನ್ನು ನಾನು ಅಷ್ಟಕ್ಕೇ ನಂಬುವುದಿಲ್ಲ. ಸೋಂಕು ತಗುಲಿದಾಗ ಯಕೃತ್ತು ಜಿಪ್14ರ ಮೂಲಕ ರಕ್ತದ ಸತುವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಸಂಖ್ಯೆ ಇಳಿದಂತೆ ಕಂಡರೂ ಕೊರತೆ ಇರಲಿಕ್ಕಿಲ್ಲ. ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆಯ ಜೊತೆಗಿಟ್ಟು ನೋಡಬೇಕು, ಜ್ವರ ಬಿಟ್ಟ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಕಬ್ಬಿಣದ ವಿಷಯದಲ್ಲೂ ದುಡುಕಬಾರದು. ಮ್ಯಾಕ್ರೋಫೇಜ್ ಕೋಶ ತಾನು ನುಂಗಿದ ರೋಗಾಣುವಿಗೆ ಸಿಗದಂತೆ ಕಬ್ಬಿಣವನ್ನು ಎನ್‌ರ್ಯಾಂಪ್1 ಎಂಬ ಪ್ರೋಟೀನಿನ ಮೂಲಕ ಅದು ಇರುವ ಚೀಲದಿಂದ ಹೊರದೂಡುತ್ತದೆ. ತೀವ್ರ ಅಪೌಷ್ಟಿಕತೆಯ ಮಗುವಿಗೆ ಸೋಂಕು ಹತೋಟಿಗೆ ಬರುವ ಮೊದಲು ಕಬ್ಬಿಣದ ಟಾನಿಕ್ ಬೇಡ ಎನ್ನುವುದು ಇದಕ್ಕೇ.

ಆ ಕೂಸಿಗೆ ಜಿಂಕ್ ಜೀವನಪರ್ಯಂತ ಬೇಕು; ನಿಂತರೆ ಗಾಯಗಳು ಮರಳುತ್ತವೆ. ಕೆಲಸ ಮುಗಿದು ಅವರು ಬೇರೆ ಊರಿಗೆ ಹೊರಟಾಗ ಚೀಟಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದುಕೊಟ್ಟೆ: ಮಾತ್ರೆ ಬಿಡಬೇಡಿ, ಆಗಾಗ ತಾಮ್ರದ ರಕ್ತಪರೀಕ್ಷೆ ಮಾಡಿಸಿ. ಸತು ಹೆಚ್ಚಾದರೆ ಕರುಳು ತಾಮ್ರವನ್ನು ಹೀರದು, ತಾಮ್ರ ತಗ್ಗಿದರೆ ಸೋಂಕಿಗೆ ಎದುರು ನಿಲ್ಲುವ ಬಿಳಿ ರಕ್ತಕಣಗಳೇ ಕಡಿಮೆಯಾಗುತ್ತವೆ.