ರಾಳದ ಪ್ರತಿರೂಪದಿಂದ ಲೋಹದ ಎರಕ

ಹೈದರಾಬಾದಿನ ನಾರಾಯಣಗೂಡದ ದುರಸ್ತಿ ಕಾರ್ಯಾಗಾರವೊಂದಕ್ಕೆ ಹಳೆಯ ಪಂಪಿನ ಮುರಿದ ಉಕ್ಕಿನ ಚಕ್ರವೊಂದು ಬಂದಿದೆಯೆಂದು ಭಾವಿಸೋಣ. ಅದರ ತಯಾರಿಕೆ ನಿಂತುಹೋಗಿದೆ. ಬೇಕಾಗಿರುವುದು ಒಂದೇ ಚಕ್ರ. ಅದನ್ನು ಪಡೆಯುವ ಬಗೆಯೇನು?

ಇದಕ್ಕೆ ಉತ್ತರ ಪ್ರಾಚೀನ ವಿದ್ಯೆಯೊಂದರಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ‘ಮಾನಸೋಲ್ಲಾಸ’ವು, ಮೇಣದ ಮೂರ್ತಿಗೆ ಮಣ್ಣನ್ನು ಲೇಪಿಸಿ, ಒಣಗಿಸಿ, ಮೇಣವನ್ನು ಕರಗಿಸಿ ಹೊರಹರಿಸಿ, ಉಳಿದ ಪೊಳ್ಳಿಗೆ ಲೋಹವನ್ನು ಎರೆಯುವ ಕ್ರಮವನ್ನು ವಿವರಿಸುತ್ತದೆ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾ ಪ್ರಯೋಗಾಲಯವು ಇದೇ ತತ್ತ್ವವನ್ನು ಅನುಸರಿಸಿ, ನಿರ್ವಾತದಲ್ಲಿ ಎರಕ ಹೊಯ್ದು, ಹೆಲಿಕಾಪ್ಟರ್ ಎಂಜಿನಿನ ಏಕಸ್ಫಟಿಕ ಅಲಗುಗಳನ್ನು ರೂಪಿಸಿತು. ಅಂತಹ 60 ಅಲಗುಗಳನ್ನು 2021ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ ಒದಗಿಸಲಾಯಿತು.

ಕಾರ್ಖಾನೆಗಳಲ್ಲಿ ಮೇಣದ ಪ್ರತಿರೂಪವನ್ನು ಸಾಮಾನ್ಯವಾಗಿ ಲೋಹದ ಅಚ್ಚಿನಲ್ಲಿ ತಯಾರಿಸುತ್ತಾರೆ. ಸಾವಿರ ಭಾಗಗಳು ಬೇಕಾದಾಗ ಅಚ್ಚಿನ ವೆಚ್ಚ ಹಂಚಿಹೋಗುತ್ತದೆ. ಒಂದೇ ಭಾಗಕ್ಕಾದರೆ ಅದು ದೊಡ್ಡ ಹೊರೆ. ಈ ಹೊರೆಯನ್ನು ಇಳಿಸುವುದೇ ರಾಳದ ಮುದ್ರಣ. ಗಣಕಯಂತ್ರದ ನಕ್ಷೆಗನುಸಾರವಾಗಿ ದ್ರವ ರಾಳವನ್ನು ಅತಿನೇರಳೆ ಬೆಳಕಿನಿಂದ ಪದರ ಪದರವಾಗಿ ಗಟ್ಟಿಗೊಳಿಸುವ ಈ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಹಲ್ ಅವರಿಗೆ 1986ರಲ್ಲಿ ಪೇಟೆಂಟ್ ದೊರೆಯಿತು. ಅಚ್ಚಿನ ನೆರವಿಲ್ಲದೆಯೇ ಪ್ರತಿರೂಪ ಸಿದ್ಧವಾಗುತ್ತದೆ.

ಆದರೆ ಇಲ್ಲಿ ಮುಖ್ಯವಾದ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮೇಣ ಕರಗಿ ಹರಿದುಹೋಗುತ್ತದೆ. ಗಟ್ಟಿಯಾದ ರಾಳ ಕರಗುವುದಿಲ್ಲ, ಸುಟ್ಟೇ ಹೋಗಬೇಕು. ಸುಡುವ ಮೊದಲು ಅದು ಕಾವಿಗೆ ಹಿಗ್ಗಿ, ಸುತ್ತಲಿನ ಪಿಂಗಾಣಿ ಕವಚವನ್ನು ಸೀಳಬಲ್ಲದು. ಆದುದರಿಂದ ದಪ್ಪ ಭಾಗಗಳನ್ನು ಘನವಾಗಿ ಮುದ್ರಿಸದೆ, ಒಳಗೆ ಜೇನುಗೂಡಿನಂತೆ ಪೊಳ್ಳಾಗಿ ಮುದ್ರಿಸುವುದು ಕ್ಷೇಮ. ಆಗ ಹಿಗ್ಗುವ ರಾಳ ಒಳಮುಖವಾಗಿ ಕುಸಿಯುತ್ತದೆ. ಪೊಳ್ಳಿನೊಳಗೆ ಉಳಿದ ದ್ರವ ರಾಳವನ್ನು ಪೂರ್ಣವಾಗಿ ಬಸಿದು, ರಂಧ್ರಗಳನ್ನು ಮೇಣದಿಂದ ಮುಚ್ಚಬೇಕು. ಇಲ್ಲವಾದರೆ ಕವಚದ ಗಾರೆ ಒಳನುಗ್ಗುತ್ತದೆ.

ಸುಡುವಾಗ ಕುಲುಮೆಗೆ ಗಾಳಿ ಧಾರಾಳವಾಗಿ ದೊರೆಯಬೇಕು. ಗಾಳಿ ಸಾಲದಿದ್ದರೆ ಮಸಿ ಉಳಿದು ಎರಕದಲ್ಲಿ ದೋಷವಾಗುತ್ತದೆ. ಬೂದಿ ಕಡಿಮೆ ಉಳಿಸುವ, ಎರಕಕ್ಕೆಂದೇ ತಯಾರಾದ ರಾಳವನ್ನು ಆರಿಸಿಕೊಳ್ಳುವುದು ಲೇಸು. ಉಕ್ಕು ತಣಿದಾಗ ಶೇಕಡ 2ರಷ್ಟು ಕುಗ್ಗುವುದರಿಂದ, 100 ಮಿಲಿಮೀಟರ್ ಅಗಲದ ಚಕ್ರಕ್ಕೆ ಸುಮಾರು 102 ಮಿಲಿಮೀಟರ್ ಅಳತೆಯ ಪ್ರತಿರೂಪ ಬೇಕು. ಮುದ್ರಣದ ಪದರಗೆರೆಗಳು ಲೋಹದಲ್ಲಿಯೂ ಮೂಡುವುದರಿಂದ ಅವುಗಳನ್ನು ಮೊದಲೇ ಉಜ್ಜಿ ನುಣುಪುಗೊಳಿಸಬೇಕು.

ಹಸಿ ರಾಳ ಚರ್ಮಕ್ಕೆ ಹಾನಿಕರ; ಕೈಗವಸು ಅವಶ್ಯ. ಸುಡುವ ಹೊಗೆಯೂ ಅಪಾಯಕಾರಿ. ಆದ್ದರಿಂದ ನಾರಾಯಣಗೂಡದಂತಹ ಜನನಿಬಿಡ ಪ್ರದೇಶದಲ್ಲಿ ಪ್ರತಿರೂಪವನ್ನು ಮುದ್ರಿಸಿ, ಸುಡುವ ಹಾಗೂ ಎರೆಯುವ ಕೆಲಸವನ್ನು ಸೂಕ್ತ ವ್ಯವಸ್ಥೆಯುಳ್ಳ ಎರಕಶಾಲೆಗೆ ಒಪ್ಪಿಸುವುದೇ ವಿವೇಕ. ಹೀಗೆ ಮಾಡಿದಲ್ಲಿ ಒಂದು ಚಕ್ರಕ್ಕಾಗಿ ಇಡೀ ಪಂಪನ್ನು ಗುಜರಿಗೆ ಹಾಕುವ ಪ್ರಮೇಯ ಒದಗದು.